ಗವಿಯ ಗಂಟೆ ಕೇಳದ ಬೆಳಗು

ಭೀಮಾ ಹೊಳೆಯ ದಂಡೆಯ ಬನ್ನಿಹಾಳಕ್ಕೆ ಪೂಜ್ಯ ಶ್ರೀ ರೇವಯ್ಯಜ್ಜನವರ ಮಠ ಯಾವುದೆಂದು ಕೇಳಿಕೊಂಡು ಬಂದವರು ಮೊದಲು ಪೆಚ್ಚಾಗುತ್ತಿದ್ದರು. ಗೋಪುರವಿಲ್ಲ, ಕಮಾನಿಲ್ಲ. ಎರಡಂಕಣದ ಮಣ್ಣಿನ ಮನೆ, ಹಿತ್ತಲಲ್ಲೊಂದು ಬೇವಿನ ಮರ, ಮರದಿಂದ ಹತ್ತು ಮಾರು ದೂರಕ್ಕೆ ಕಲ್ಲಿನದೊಂದು ಕೋಣೆ. ಇಷ್ಟೇ ಸಂಸ್ಥಾನ. ಎಂಬತ್ತರ ಹತ್ತಿರ ಬಂದಿದ್ದರೂ ಅಜ್ಜನವರು ತಮ್ಮ ಧೋತರ ತಾವೇ ಒಗೆದುಕೊಳ್ಳುತ್ತಿದ್ದರು, ಅಂಗಳ ತಾವೇ ಗುಡಿಸುತ್ತಿದ್ದರು. ಭಕ್ತರು ಯಾರಾದರೂ ಕಸಬರಿಗೆ ಇಸಿದುಕೊಳ್ಳಲು ಮುಂದಾದರೆ, ನಿಮ್ಮ ಮನೆಯ ಅಂಗಳ ಮುಗಿಯಿತೇ ಎಂದು ಕೇಳಿ ಕಳಿಸಿಬಿಡುತ್ತಿದ್ದರು.

ಆ ಕಲ್ಲಿನ ಕೋಣೆಗೆ ಊರವರು ಗವಿ ಎನ್ನುತ್ತಾರೆ. ವರ್ಷಕ್ಕೊಮ್ಮೆ, ಯುಗಾದಿ ಮುಗಿದ ಮೇಲೆ, ಅಜ್ಜನವರು ಅದರೊಳಗೆ ಇಪ್ಪತ್ತೊಂದು ದಿನ ಮೌನಾನುಷ್ಠಾನಕ್ಕೆ ಕೂಡುತ್ತಿದ್ದರು. ಬಾಗಿಲು ಮುಚ್ಚಿತೆಂದರೆ ಮುಚ್ಚಿತು. ದಿನಕ್ಕೊಂದು ಮನೆಯವರು ಪಾಳಿಯ ಪ್ರಕಾರ ಎಡೆ ತಂದು, ಬಾಗಿಲ ಬದಿಯ, ಒಳಕ್ಕೂ ತೆರೆದ ಗೂಡಿನಲ್ಲಿ ಮುಚ್ಚಿಟ್ಟು, ಕೈಮುಗಿದು ಹೋಗಬೇಕು. ಆ ಪಾಳಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಗವಿಯೊಳಗೊಂದು ಹಗ್ಗ, ಹಗ್ಗದ ಇನ್ನೊಂದು ತುದಿಗೆ ಬೇವಿನ ಮರದಲ್ಲಿ ತೂಗುವ ಗಂಟೆ. ಬೆಳಗಾಗುತ್ತಲೇ ಅದು ಮೂರು ಸಲ ಬಾರಿಸಿತೆಂದರೆ ಒಳಗಿದ್ದವರು ಕ್ಷೇಮವೆಂದು ಅರ್ಥ. ಆ ಗಂಟೆ ಕಿವಿಗೆ ಬೀಳುವ ತನಕ ಬನ್ನಿಹಾಳದ ಹೆಂಗಸರು ಒಲೆ ಹಚ್ಚುತ್ತಿರಲಿಲ್ಲ. ನಲವತ್ತು ವರ್ಷಗಳಲ್ಲಿ ಅಜ್ಜನವರು ಒಮ್ಮೆಯೂ ಮೌನ ಮುರಿದವರಲ್ಲ. ಒಡಹುಟ್ಟಿದ ಅಣ್ಣ ಲಿಂಗೈಕ್ಯರಾದ ಸುದ್ದಿಯನ್ನು ಬಾಗಿಲಾಚೆ ನಿಂತು ಹೇಳಿದಾಗಲೂ ಒಳಗಿನಿಂದ ಗಂಟೆ ಒಂದು ಸಲ ಬಾರಿಸಿತೇ ಹೊರತು ಮಾತು ಬರಲಿಲ್ಲ.

ಕೊರೋನಾ ಬಂದ ವರ್ಷ, ಅನುಷ್ಠಾನಕ್ಕೆ ಇನ್ನೊಂದೇ ದಿನ ಉಳಿದಿತ್ತು. ಆ ದಿನ ಮಧ್ಯಾಹ್ನ ಸುಗಲಾಬಾಯಿ ಊರ ಬಾಗಿಲಿಗೆ ಬಂದಳು.

ಅವಳು ಪುಣೆಯ ಒಂದು ಆಸ್ಪತ್ರೆಯಲ್ಲಿ ಕಸ ಬಳಿಯುವ ಆಯಾ. ಗಂಡ ಸತ್ತು ಹನ್ನೊಂದು ವರ್ಷ, ಮಕ್ಕಳಿಲ್ಲ. ಹೊಸ ರೋಗ ಬಂತೆಂಬ ಸುದ್ದಿ ಹಬ್ಬಿದ ವಾರವೇ ಬಾಡಿಗೆ ಖೋಲಿಯ ಮಾಲೀಕ, ಆಸ್ಪತ್ರೆಯವಳು ನೀನು, ನಮಗೆ ಹಚ್ಚುತ್ತೀ ಎಂದು ಅವಳ ಪಾತ್ರೆ ಪಡಗವನ್ನು ಓಣಿಯಲ್ಲಿ ಇಟ್ಟಿದ್ದ. ಬಸ್ಸಿಲ್ಲ, ರೈಲಿಲ್ಲ. ಉಳ್ಳಾಗಡ್ಡಿ ಲಾರಿಯಲ್ಲಿ ಅರ್ಧ ದಾರಿ, ನಡಿಗೆಯಲ್ಲಿ ಅರ್ಧ ದಾರಿ. ಗಡಿಯ ನಾಕಾದಲ್ಲಿ ಎಡಗೈಗೆ ನೀಲಿ ಮುದ್ರೆ ಒತ್ತಿ, ಹದಿನಾಲ್ಕು ದಿನ ಒಬ್ಬಳೇ ಇರಬೇಕು, ಯಾರನ್ನೂ ಮುಟ್ಟಬಾರದು ಎಂದು ಹೇಳಿ ಬಿಟ್ಟಿದ್ದರು. ಹೂಂ ಎಂದಿದ್ದಳು. ತವರಿನಲ್ಲಿ ಒಂದು ಮೂಲೆ ಸಿಗದೇ ಹೋದೀತೇ?

ಊರ ದಾರಿಗೆ ಅಡ್ಡಲಾಗಿ ಜಾಲಿ ಮುಳ್ಳಿನ ಹೊರೆ ಬಿದ್ದಿತ್ತು. ಪ್ರತಿ ಬಾಗಿಲಿಗೂ ಬೇವಿನ ಸೊಪ್ಪು, ಹೊಸ್ತಿಲಿಗೆ ಅರಿಷಿಣದ ನೀರು. ಯಾರದೋ ಮೊಬೈಲಿಗೆ ಬಂದ ಮಾತು ಕೇಳಿ ಅರ್ಧ ಊರು ಬೆಳ್ಳುಳ್ಳಿ ಜಗಿಯುತ್ತಿತ್ತು, ಇನ್ನರ್ಧ ಊರು ಬಾವಿಯ ನೀರಿಗೆ ಹೆದರಿ ಬಾಯಿ ಒಣಗಿಸಿಕೊಂಡಿತ್ತು. ಹೆದರಿದ ಊರಿಗೆ ಬುದ್ಧಿ ಹೇಳುವವರು ಯಾರು? ಹತ್ತು ದಿನದ ಹಿಂದೆ ಇದೇ ಊರು, ಆಸ್ಪತ್ರೆಯಲ್ಲಿ ದುಡಿಯುವವರಿಗೆ ಗೌರವವೆಂದು ಮಾಳಿಗೆ ಹತ್ತಿ ತಾಟು ಬಡಿದಿತ್ತು. ಈಗ ಆಸ್ಪತ್ರೆಯವಳೊಬ್ಬಳು ಕಾಲು ಬೊಬ್ಬೆಯೆದ್ದು ಮುಳ್ಳಿನಾಚೆ ನಿಂತರೆ, ತಾಟು ಬಡಿದ ಕೈಗಳೆಲ್ಲ ಮೂಗು ಮುಚ್ಚಿಕೊಂಡವು.

ಪಂಚಾಯಿತಿಯ ಹಿರಿಯ ಮಲಕಾಜಪ್ಪ ಮುಂದೆ ನಿಂತು ಲೆಕ್ಕ ಹಾಕಿದಂತೆ ಹೇಳಿದ. ಸಾಲೆಯಲ್ಲಿ ಬೇಡ, ಅದು ಮಕ್ಕಳು ಕೂಡುವ ಜಾಗ. ಹೊಲದ ಪಂಪಿನ ಮನೆ ಬೇಡ, ಅದೇ ನೀರು ಊರಿಗೆ ಬರುತ್ತದೆ. ಅವಳ ತಮ್ಮ ದುರಗಪ್ಪನ ಮನೆಯೆಂದರೆ ಒಂದೇ ಖೋಲಿ, ಐದು ಮಕ್ಕಳು. ಸುಗಲಾಬಾಯಿ ತಮ್ಮನನ್ನು ನೋಡಿದಳು. ಅವನು ಜನರ ಹಿಂದೆ ನಿಂತು ನೆಲ ನೋಡುತ್ತಿದ್ದ. ಅವನ ತಪ್ಪಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ಒಂದು ಸಲ, ಅಕ್ಕಾ ಎನ್ನಬಹುದಿತ್ತು. ಅವಳು ಮುಳ್ಳಿನಿಂದ ದೂರ ಸರಿದು ಬಿಸಿಲಲ್ಲೇ ಕುಳಿತಳು.

ಆಗ ಅಜ್ಜನವರು ಕೋಲೂರಿಕೊಂಡು ಬಂದರು. ಬಾಯಿಗೆ ಧೋತರದ ಸೆರಗು ಸುತ್ತಿಕೊಂಡಿದ್ದರು. ಎಲ್ಲರ ಮಾತನ್ನೂ ಕೇಳಿದರು. ಆಮೇಲೆ ಹೇಳಿದರು:

"ಒಬ್ಬರೇ ಇರಲಿಕ್ಕಂತ ಕಟ್ಟಿದ ಕೋಣಿ ಈ ಊರಾಗ ಒಂದೇ ಐತಿ. ಈ ವರ್ಷ ಗವಿ ಆಕೀದು. ಪಾಳಿ ತಪ್ಪಬಾರದು."

ಏಳು ಗುರುಗಳು ತಪ ಮಾಡಿದ ಗವಿ ಅದು. ಸುಗಲಾಬಾಯಿಯ ಓಣಿಯವರ ಹೆಸರು ಆ ಪಾಳಿಯಲ್ಲಿ ಎಂದೂ ಸೇರಿದ್ದೇ ಇಲ್ಲ, ಅವರು ಬೇವಿನ ಮರದ ಈಚೆಯೇ ನಿಂತು ಕೈಮುಗಿಯುವವರು. ಮಲಕಾಜಪ್ಪ ಕಡೆಗೊಮ್ಮೆ ಧೈರ್ಯ ಮಾಡಿ, ಅವಳು ಆಸ್ಪತ್ರೆಯ ಕಸ ಬಳಿಯುವವಳು ಎಂಬುದನ್ನು ಅಜ್ಜನವರಿಗೆ ನೆನಪು ಮಾಡಿಕೊಟ್ಟ.

"ನಾನೂ ಕಸಾನ ಬಳೀತೀನಪಾ," ಎಂದರು ಅಜ್ಜನವರು. ಮುಳ್ಳನ್ನು ತಾವೇ ಕೋಲಿನಿಂದ ಸರಿಸಿದರು.

ಹೀಗೆ ಸುಗಲಾಬಾಯಿ ಗವಿ ಸೇರಿದಳು. ಅಜ್ಜನವರು ಹೊರಗೆ ಬೇವಿನ ಮರದ ಕೆಳಗೆ ಕಂಬಳಿ ಹಾಸಿಕೊಂಡು, ಮರುದಿನ ಬೆಳಗಿನಿಂದ ಅಲ್ಲೇ ಮೌನಕ್ಕೆ ಕುಳಿತರು.

ಸತ್ಯ ಹೇಳಬೇಕೆಂದರೆ ಅವಳಿಗೆ ಇದರಿಂದ ಭಕ್ತಿಯೇನೂ ಹುಟ್ಟಲಿಲ್ಲ. ಗಂಡನ ಕಾಹಿಲೆಗೆ ಅವಳು ಹರಕೆ ಹೊರದ ದೇವರಿಲ್ಲ, ಕಟ್ಟದ ತಾಯಿತವಿಲ್ಲ. ಅವನು ಹೋದ ದಿನವೇ ಮಠ ಮಾನ್ಯಗಳ ಸಹವಾಸ ಬಿಟ್ಟಿದ್ದಳು. ಬೆಳಿಗ್ಗೆ ಹಗ್ಗ ಜಗ್ಗಬೇಕೆಂದು ಹೇಳಿದ್ದರು, ಜಗ್ಗಿದಳು. ಮೊದಲ ಪಾಳಿ ಮಲಕಾಜಪ್ಪನ ಮನೆಯದು. ಪಾಳಿ ತಪ್ಪಿಸಲು ಭಯ, ಹತ್ತಿರ ಬರಲೂ ಭಯ. ಹಾವು ಹಿಡಿಯುವವನ ಹಾಗೆ ದೂರ ನಿಂತು, ಉದ್ದನೆಯ ಕೋಲಿನಿಂದ ಬುತ್ತಿಯನ್ನು ಗೂಡಿನೊಳಗೆ ತಳ್ಳಿ ಓಡಿದ. ಗೂಡಿನ ಸಂದಿನಿಂದ ಅದನ್ನು ನೋಡಿ ಸುಗಲಾಬಾಯಿಗೆ ನಗು ಬಂತು. ನಗು ಮುಗಿದ ಮೇಲೆ ಅಳು ಬಂತು.

ದಿನಗಳು ಉದ್ದವಾಗಿದ್ದವು. ಗೂಡಿನಿಂದ ಕಾಣುವುದು ಬೇವಿನ ಮರ, ಮರದ ಕೆಳಗೆ ಅಜ್ಜನವರ ಬೆನ್ನು, ಅದರಾಚೆ ಊರಿನ ಮಾಳಿಗೆಗಳು. ಎಡೆ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಮಾತು ಕೇಳಿ ಎಷ್ಟು ದಿನವಾಯಿತೆಂದು ಬೆರಳು ಮಡಿಸಿ ಎಣಿಸುತ್ತಿದ್ದಳು. ನಾಲ್ಕನೆಯ ದಿನ ತನ್ನ ಹೆಸರನ್ನು ತಾನೇ ಜೋರಾಗಿ ಹೇಳಿ ನೋಡಿದಳು, ಕಲ್ಲಿನ ಕೋಣೆಯಲ್ಲಿ ಅದು ಬೇರೆ ಯಾರದೋ ಹೆಸರಿನಂತೆ ಕೇಳಿತು.

ಅವಳಿಗೊಂದು ಕೊರಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಪುಣೆಯಲ್ಲಿ ಆ ರೋಗದ ಸಂಶಯದ ಮೇಲೆ ಒಬ್ಬ ಮುದುಕನನ್ನು ಮೂಲೆಯ ಕೋಣೆಯಲ್ಲಿ ಒಬ್ಬನನ್ನೇ ಇಟ್ಟಿದ್ದರು. ಡಾಕ್ಟರು, ನರ್ಸಮ್ಮ ಬಂದು ಹೋಗುವ ನಡುವಿನ ಹೊತ್ತಿನಲ್ಲಿ ಅವನು ಕೂಗುತ್ತಿದ್ದ. ಯಾರಾದರೂ ಇದ್ದೀರಾ, ಯಾರಾದರೂ ಇದ್ದೀರಾ. ನೀರು ಕೇಳಲಿಲ್ಲ, ಮಗನನ್ನು ಕೇಳಲಿಲ್ಲ, ಬರೀ ಅಷ್ಟೇ. ಸುಗಲಾಬಾಯಿ ಗಾಜಿನ ಬಾಗಿಲಾಚೆ ಕಸಬರಿಗೆ ಹಿಡಿದು ನಿಂತಿದ್ದಳು. ಒಳಗೆ ಹೋಗಬೇಡವೆಂದು ಹೇಳಿದ್ದರು ನಿಜ. ಆದರೆ, ಇದ್ದೇನೆ ಅಜ್ಜಾ ಎನ್ನಬೇಡವೆಂದು ಯಾರೂ ಹೇಳಿರಲಿಲ್ಲ. ಬಾಯಿ ತೆರೆದರೆ ರೋಗ ಬಾಯೊಳಗೇ ಬರುತ್ತದೆಂದು ಹೆದರಿ ಸುಮ್ಮನೆ ನಿಂತಳು. ಸಂಜೆಯ ಹೊತ್ತಿಗೆ ಕೂಗು ನಿಂತಿತು.

ಎಂಟನೆಯ ದಿನ ಅದನ್ನೆಲ್ಲ ಅವಳು ಗೂಡಿಗೆ ಬಾಯಿಟ್ಟು ಹೊರಗೆ ಕುಳಿತ ಅಜ್ಜನವರಿಗೆ ಹೇಳಿದಳು. ಅಜ್ಜನವರ ಬೆನ್ನು ಮಿಸುಕಲಿಲ್ಲ. ಮೌನವೆಂದು ಗೊತ್ತಿದ್ದರೂ ಅವಳಿಗೆ ಸಿಟ್ಟು ನೆತ್ತಿಗೇರಿತು. ದೊಡ್ಡವರೇ, ನಿಮಗೆ ನಿಮ್ಮ ವ್ರತ, ನನಗೆ ನನ್ನ ಕರ್ಮ ಎಂದುಕೊಂಡಳು. ನಾನು ಇದ್ದರೆಷ್ಟು, ಸತ್ತರೆಷ್ಟು?

ಒಂಬತ್ತನೆಯ ಬೆಳಗು ಅವಳು ಹಗ್ಗ ಮುಟ್ಟಲಿಲ್ಲ. ಮೈಯಲ್ಲಿ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಬೇಕೆಂದೇ ಮುಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಕೊಂಡಳು.

ಹೊತ್ತು ಮೂಡಿತು. ಊರಿನ ಹೆಂಗಸರು ಬೆಂಕಿಪೊಟ್ಟಣ ಹಿಡಿದು ಒಲೆಯ ಮುಂದೆ ಕಾದರು. ಇದು ಅವಳ ಗಂಟೆ, ಗುರುಗಳದ್ದಲ್ಲ ಎಂದು ಮೊದಲ ದಿನ ಮೂಗು ಮುರಿದವರೇ ಅವರು. ಆದರೆ ನಲವತ್ತು ವರ್ಷದ ರೂಢಿ, ಕೈ ಕಡ್ಡಿ ಗೀರಲೊಲ್ಲದು. ಬಿಸಿಲು ಮಾಳಿಗೆಗೆ ಬಂತು. ಒಬ್ಬೊಬ್ಬರೇ ಬಂದು ಬೇವಿನ ಮರದಿಂದ ದೂರಕ್ಕೆ ಚದುರಿ ನಿಂತರು. ಮಲಕಾಜಪ್ಪನೂ ಬಂದ, ದುರಗಪ್ಪನೂ ಬಂದ. ಗುಸುಗುಸು ಎದ್ದು ಗದ್ದಲವಾಯಿತು. ಜ್ವರ ಬಂತೋ ಏನೋ, ಹೋದಳೋ ಏನೋ. ಹೋಗಿ ನೋಡುವವರು ಯಾರು? ನೀ ಹೋಗು, ನೀ ಹೋಗು. ಒಬ್ಬರ ಕಾಲೂ ಮುಂದೆ ಬರಲಿಲ್ಲ. ಒಳಗೆ ಸುಗಲಾಬಾಯಿಗೆ ಪ್ರತಿ ಮಾತೂ ಕೇಳುತ್ತಿತ್ತು. ತಾನು ಅಂದುಕೊಂಡಂತೆಯೇ ಆಯಿತು ಎಂದು ಕಣ್ಣು ಮುಚ್ಚಿದಳು.

ಅಜ್ಜನವರು ಎದ್ದರು. ಸೆರಗನ್ನು ಬಾಯಿಗೆ ಬಿಗಿದುಕೊಂಡು ಗವಿಯ ಬಾಗಿಲ ತನಕ ನಡೆದರು.

"ಯವ್ವಾ ಸುಗಲಾ," ಎಂದು ಕರೆದರು. "ಇದ್ದೀಯೇನ?"

ಅನುಷ್ಠಾನದ ದಿನಗಳಲ್ಲಿ ಅಜ್ಜನವರ ದನಿ ಕೇಳಿದವರು ಅಲ್ಲಿ ಒಬ್ಬರೂ ಇರಲಿಲ್ಲ. ಒಳಗೆ ಮಲಗಿದ್ದವಳು ಕಣ್ಣು ತೆರೆದಳು. ಗಾಜಿನಾಚೆಯ ಮುದುಕನ ಮಾತೇ ಅದು. ಎದ್ದು ಕುಳಿತಳು. ಬಾಯಿ ತೆರೆದಳು, ದನಿ ಹೊರಡಲಿಲ್ಲ. ಅಜ್ಜನವರು ಎರಡನೆಯ ಸಲ ಕರೆದರು, ಮೊದಲಿಗಿಂತ ಮೆಲ್ಲಗೆ.

"ಅದೀನ್ರೀ ಅಜ್ಜಾರ," ಎಂದಳು ಸುಗಲಾಬಾಯಿ. "ಅದೀನಿ. ಇಲ್ಲೇ ಅದೀನಿ." ಹಾಗೆನ್ನುತ್ತ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾದ ಮೇಲೆ, ಸುಳ್ಳು ಹೇಳಲು ಮನಸ್ಸು ಬರದೆ, ಬೇಕೆಂದೇ ಗಂಟೆ ಬಾರಿಸಲಿಲ್ಲವೆಂದು ಒಪ್ಪಿಕೊಂಡಳು.

ಅಜ್ಜನವರು ನಿಟ್ಟುಸಿರಿಟ್ಟರು. "ಚಲೋ ಆತವ್ವ. ಜ್ವರ ಬಂದಿಲ್ಲ ಹಂಗಾದ್ರ," ಎಂದರು.

ಮಲಕಾಜಪ್ಪನಿಗೆ ತಡೆಯಲಾಗಲಿಲ್ಲ. ನಲವತ್ತು ವರ್ಷದ ಮೌನ ಇವಳಿಂದ ಮುರಿಯಿತಲ್ಲ ಎಂದು ಹಲುಬಿದ. ಅವನ ಕಣ್ಣಲ್ಲಿ ನೀರೇ ಇತ್ತು, ಪಾಪ. ಅಜ್ಜನವರು ಅವನ ಕಡೆ ತಿರುಗಿದರು.

"ಮೌನ ಮತ್ತ ಹಿಡೀಬಹುದೋ ಮಲಕಾಜಪ್ಪ," ಎಂದರು. ಹೋಗಿ ಕಂಬಳಿಯ ಮೇಲೆ ಕುಳಿತರು. ಆಮೇಲೆ ಅವರು ಮಾತಾಡಲಿಲ್ಲ.

ಸುಗಲಾಬಾಯಿ ಕಣ್ಣೊರೆಸಿಕೊಂಡು ಹಗ್ಗ ಜಗ್ಗಿದಳು, ಮೂರು ಸಲ. ಸ್ವಲ್ಪ ಹೊತ್ತಿಗೆ ಊರಿನ ಮಾಳಿಗೆಗಳ ಮೇಲೆ ಹೊಗೆಯೆದ್ದಿತು. ಗೂಡಿನ ಸಂದಿನಿಂದ ಅದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದಳು. ಅಂದಿನ ಎಡೆ ತಂದ ಮುದುಕಿ ದೂರದಲ್ಲೇ ನಿಂತು, ಸುಗಲಾ ಊಟ ಮಾಡು, ಪಲ್ಯ ಖಾರ ಆಗೇತಿ ಎಂದು ಕೂಗಿ ಹೋದಳು. ಮರುದಿನದವರೂ ಒಂದು ಮಾತಾಡಿದರು. ದುರಗಪ್ಪ ದಿನಾ ಸಂಜೆ ಮರದಾಚೆ ಬಂದು ನಿಂತು, ಅಕ್ಕಾ ಎಂದು ಕರೆದು ಮನೆಯ ಸುದ್ದಿ ಹೇಳತೊಡಗಿದ.

ಹದಿನೈದನೆಯ ದಿನ ಆರೋಗ್ಯ ಇಲಾಖೆಯ ಅಕ್ಕ ಬಂದು ನೋಡಿ, ಏನೂ ಇಲ್ಲ ಎಂದಳು. ಸುಗಲಾಬಾಯಿ ಗವಿಯನ್ನು ಸುಣ್ಣದ ನೀರಿನಿಂದ ತೊಳೆದು ಹೊರಗೆ ಬಂದಳು. ಅಜ್ಜನವರು ಕಂಬಳಿ ಮಡಿಸಿ ಎದ್ದರು. ಮುರಿದ ವ್ರತ ಮೊದಲಿನಿಂದಲೇ ಆಗಬೇಕು, ಒಂದನೆಯ ದಿನದಿಂದ ಇಪ್ಪತ್ತೊಂದು. ಬಾಗಿಲಲ್ಲಿ ನಿಂತು, ಒಳಗೆ ಹೋಗುವ ಮುನ್ನ ಒಂದೇ ಮಾತು ಹೇಳಿದರು.

"ಮೊದಲ ಪಾಳಿ ಸುಗಲಾಬಾಯೀದು."

ಬಾಗಿಲು ಮುಚ್ಚಿತು. ಎದುರು ಮಾತಾಡಲು ಯಾರಿಗೂ ಅವಕಾಶವೇ ಉಳಿಯಲಿಲ್ಲ. ಸುಗಲಾಬಾಯಿ ತಮ್ಮನ ಒಲೆಯ ಮೇಲೆ ಎರಡು ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಕುದಿಸಿ, ಬೇವಿನ ಮರ ದಾಟಿ ಹೋಗಿ ಗೂಡಿನಲ್ಲಿಟ್ಟು ಬಂದಳು. ಅವಳ ಓಣಿಯ ಎಡೆ ಗವಿಗೆ ಹೋದದ್ದು ಅದೇ ಮೊದಲು. ಆ ವರ್ಷದಿಂದ ಆ ಓಣಿಯ ಮನೆಗಳೂ ಪಾಳಿಯಲ್ಲಿ ಸೇರಿವೆ.

ಇಪ್ಪತ್ತೊಂದು ದಿನವೂ ಅವಳು ಬೆಳಗಾಗುವ ಮೊದಲೇ ಬಂದು ಮರದ ಕೆಳಗೆ ನಿಲ್ಲುತ್ತಿದ್ದಳು. ಗಂಟೆ ಮೂರು ಸಲ ಬಾರಿಸಿದ ಮೇಲೆ, ಒಳಗಿನವರಿಗೆ ಕೇಳುವಂತೆ, ಇಲ್ಲೇ ಅದೀನ್ರೀ ಅಜ್ಜಾರ ಎಂದು ಹೇಳಿ ಮನೆಗೆ ಹೋಗುತ್ತಿದ್ದಳು.

ವಾಹನಗಳು ಓಡತೊಡಗಿದ ಮೊದಲ ವಾರವೇ ಅವಳು ಪುಣೆಗೆ ಹೊರಟಳು. ತಮ್ಮ ಬೇಡವೆಂದ, ಓಣಿ ಬೇಡವೆಂದಿತು. ಆಗ ರೋಗ ಮೊದಲಿಗಿಂತ ಹೆಚ್ಚಾಗಿತ್ತು. ಅವಳು ಕೇಳಿಕೊಂಡು ಆ ರೋಗಿಗಳ ವಾರ್ಡಿಗೇ ಕೆಲಸ ಹಾಕಿಸಿಕೊಂಡಳು. ದಿನಾ ಬೆಳಿಗ್ಗೆ, ಮೈತುಂಬ ಆ ಬಿಳಿಯ ಉಡುಪು ತೊಟ್ಟು, ಕಸಬರಿಗೆ ಮೂಲೆಗಿಟ್ಟು, ಹಾಸಿಗೆಯಿಂದ ಹಾಸಿಗೆಗೆ ಹೋಗಿ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು, ಅವರು ಓಗೊಟ್ಟ ಮೇಲೆಯೇ ಕಸ ಗುಡಿಸಲು ಶುರು ಮಾಡುತ್ತಿದ್ದಳಂತೆ.