ತೊಡೆ ಮೇಲೆ ಕೂರದ ಮಗು

ಅಂಗನವಾಡಿಯಲ್ಲಿ ಮಕ್ಕಳ ಸುರಕ್ಷತೆಯ ಕಾರ್ಯಕ್ರಮ. ಪಂಚಾಯಿತಿ ಅಧ್ಯಕ್ಷ ಸಿದ್ದಲಿಂಗಪ್ಪನವರಿಗೆ ಫೋಟೋ ಇಲ್ಲದ ಭಾಷಣವೆಂದರೆ ಉಪ್ಪಿಲ್ಲದ ಸಾರು. "ಒಂದು ಮಗೂನ ನನ್ನ ತೊಡೆ ಮೇಲೆ ಕೂರಿಸ್ರಿ, ಬೇಗ!" ಎಂದು ಗದರಿದರು. ಯಾರೂ ಏಳುವ ಮೊದಲೇ ಮುಂದೆ ಕೂತಿದ್ದ ದೀಕ್ಷಾಳ ಕೈ ಹಿಡಿದು ಎಳೆದರು.

"ಬೇಡ! ಕೈ ಬಿಡಿ!" ಎಂದು ಮಗು ಕಿರುಚಿತು. ಕೊಸರಿಕೊಂಡು ಓಡಿಹೋಗಿ ಅಡುಗೆಯ ಆಯಮ್ಮನ ಸೆರಗು ಹಿಡಿಯಿತು. ಆಯಮ್ಮ ಕಲಿಸಿದ್ದೇ ಹಾಗೆ.

ಅಧ್ಯಕ್ಷರ ಮುಖ ಕೆಂಡವಾಯಿತು. ಟೀಚರ್ ಬೆವರಿದರು. ದೀಕ್ಷಾಳ ತಾಯಿಯೇ, "ಹೋಗೇ, ತಾತ ಕರೀತಾವ್ರೆ" ಎಂದು ಮಗುವನ್ನು ಮುಂದಕ್ಕೆ ತಳ್ಳತೊಡಗಿದಳು.

ಕಲಿಸಿದ್ದೆಲ್ಲ ನೀರುಪಾಲಾಗುತ್ತದಲ್ಲ! ಆಯಮ್ಮ ಓಡಿಹೋಗಿ ಮೈಕ್ ಹಿಡಿದಳು.

"ನೋಡಿದ್ರಾ? ಮಕ್ಕಳು ಪಾಠ ಕಲಿತವ್ರಾ ಅಂತ ಅಧ್ಯಕ್ಷರು ತಾವೇ ಪರೀಕ್ಷೆ ಮಾಡಿದ್ರು. ದೀಕ್ಷಾ ಪಾಸು! ಚಪ್ಪಾಳೆ ತಟ್ರಪ್ಪ!"

ಎಲ್ಲರೂ ತಟ್ಟಿದರು. ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಅಧ್ಯಕ್ಷರೂ ತಟ್ಟಿದರು. ಕ್ಯಾಮೆರಾ ಕ್ಲಿಕ್ಕೆಂದಿತು.

ಕಾರು ಹತ್ತುವಾಗ ಅವರು ಆಯಮ್ಮನತ್ತ ತಿರುಗಿ ಹಲ್ಲು ಕಡಿದರು. "ನಾನು ಪರೀಕ್ಷೆ ಮಾಡ್ದೆ ಅಂತ ನಿನಗ್ಯಾರಮ್ಮ ಹೇಳಿದ್ದು?"

"ಇನ್ನೇನು ಅನ್ಕೊಳ್ಳಲಿ ಸಾಮಿ? ಮಗು ಕೈನ ಸುಮ್‌ಸುಮ್ನೆ ಎಳೆಯೋಕೆ ನೀವೇನು ತಿಳಿವಳಿಕೆ ಇಲ್ದೋರಾ?"