ಎರಡು ಗುಂಡುಗಳ ನಡುವಿನ ಹೊತ್ತು

"ಮೇಷ್ಟ್ರೇ, ಕೇಪು ಒತ್ತುವುದಕ್ಕೆ ಯಾವ ಸಾಧನ ಒಳ್ಳೆಯದು?" ಎಂದು ದೇಚಮ್ಮ ಕೇಳಿದಳು.

ನಿಂತೇ ಕೇಳಿದಳು. ಕೈಯಲ್ಲಿ ಅಂಗಡಿಯವರು ಕಳಿಸಿದ ಚಿತ್ರಗಳ ಹಾಳೆಗಳಿದ್ದವು. ಹೋದ ತಿಂಗಳ ಪಂದ್ಯದಲ್ಲಿ ಅವಳ ರೈಫಲ್ಲಿನ ಒಂದು ತೋಟೆ ಸಿಡಿಯದೆ ಕೈಕೊಟ್ಟಿತ್ತು. ಆ ಒಂದು ಗುಂಡಿನಲ್ಲಿ ಪದಕ ಹೋಗಿತ್ತು. ಬೇರೆಯವರನ್ನು ಬೈಯುವಂತೆಯೂ ಇರಲಿಲ್ಲ. ತೋಟೆ ತುಂಬಿದವಳು ಅವಳೇ. ಹೊಡೆದು ಖಾಲಿಯಾದ ಹಿತ್ತಾಳೆ ತೋಟೆಯ ಬುಡಕ್ಕೆ ಹೊಸ ಕೇಪು ಒತ್ತಿ, ಒಳಗೆ ಮದ್ದು ಹಾಕಿ, ಬಾಯಿಗೆ ಗುಂಡು ಕೂರಿಸುವ ಕೆಲಸ ಅದು. ಕೇಪು ಕಾಳುಮೆಣಸಿನ ಗಾತ್ರದ ಒಂದು ಬಟ್ಟಲು, ಅಷ್ಟೆ. ಕೋವಿಯ ಸೂಜಿ ಬಡಿದಾಗ ಅದು ಕಿಡಿ ಕೊಡದಿದ್ದರೆ ಮಿಕ್ಕಿದ್ದೆಲ್ಲ ಬರೀ ಹಿತ್ತಾಳೆ.

ಬೆಳ್ಯಪ್ಪ ಮೇಷ್ಟ್ರು ನಲವತ್ತು ವರ್ಷದಿಂದ ಆ ರೈಫಲ್ ಕ್ಲಬ್ಬಿನಲ್ಲಿ ಗುರಿ ಕಲಿಸುತ್ತಿದ್ದವರು. ಹಾಳೆಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. ಎರಡು ಬಗೆ ಇದ್ದವು. ಒಂದು, ಅಂಗೈಯಲ್ಲಿ ಹಿಡಿದು ಒತ್ತುವ ಇಕ್ಕಳದಂಥದ್ದು. ಇನ್ನೊಂದು, ಮೇಜಿಗೆ ಬಿಗಿದು ಉದ್ದನೆಯ ಹಿಡಿಕೆ ಎಳೆಯುವ ಯಂತ್ರ. ಇಕ್ಕಳದಲ್ಲಿ ಗಂಟೆಗೆ ಐವತ್ತು ಆದರೆ ಹೆಚ್ಚು, ಯಂತ್ರದಲ್ಲಿ ಮುನ್ನೂರು ಎಂದು ದೇಚಮ್ಮ ವಿವರಿಸಿದಳು. ಹೊರಗೆ ಅವಳ ಜೀಪು ಇನ್ನೂ ಗುರುಗುಡುತ್ತಿತ್ತು.

"ಮೊದಲು ಅದನ್ನು ಆರಿಸಿ ಬಂದು ಕೂರು. ನಿಂತವರಿಗೆ ಉತ್ತರ ಕೊಡುವುದಕ್ಕೆ ನಾನೇನು ಬಸ್ಸಿನ ಕಂಡಕ್ಟರೇ?" ಎಂದರು ಮೇಷ್ಟ್ರು.

ಅವಳು ಜೀಪು ಆರಿಸಿ ಬಂದು ಬೆಂಚಿನ ತುದಿಯಲ್ಲಿ ಕೂತಳು. ಮೇಷ್ಟ್ರು ಕತೆ ಹೇಳಿದರು.

ಒಂದು ಬೆಟ್ಟದ ಸೀಮೆ. ಗುಡ್ಡಕ್ಕೆ ಒಂದೋ ಎರಡೋ ಮನೆ. ನಡುವೆ ಹಳ್ಳ, ಕಾಡು, ಮತ್ತೆ ಹಳ್ಳ. ಟೆಲಿಫೋನು ಇನ್ನೂ ಗುಡ್ಡ ಹತ್ತದಿದ್ದ ಕಾಲ. ಅಲ್ಲಿ ಮನೆಯ ಸುದ್ದಿಗೆ ಕೋವಿಯೇ ಬಾಯಿ. ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಸಾವಾದರೆ ಎರಡು, ಒಂದರ ಬೆನ್ನಿಗೇ ಇನ್ನೊಂದು.

"ಹೆಣ್ಣು ಹುಟ್ಟಿದರೆ?" ಎಂದಳು ದೇಚಮ್ಮ.

"ಮದ್ದು ಉಳಿಯಿತು."

"ಹಾಗೆ ಉಳಿದದ್ದನ್ನೇ ಈಗ ನಾನು ಸುಡುತ್ತಿರುವುದು."

ಮೇಷ್ಟ್ರು ನಕ್ಕು ಮುಂದುವರಿಸಿದರು.

ಗುಂಡಿನ ಸದ್ದು ಕೇಳಿದವರಿಗೆ ಬೇರೆ ಕರೆ ಕಳಿಸುವ ಪದ್ಧತಿ ಇರಲಿಲ್ಲ. ಕಳಿಸಿದರೆ ಅವಮಾನ, ನಿನ್ನ ಕಿವಿ ಮಂದವಾಗಿದೆ ಎಂದಂತೆ. ಎರಡು ಗುಂಡು ಕೇಳಿದವನು ಉಣ್ಣುತ್ತಿದ್ದರೂ ಕೈ ತೊಳೆದು ಎದ್ದು ಬರಬೇಕು. ಒಂದು ಕೇಳಿದವನು ಬರಕೂಡದು. ಬಾಣಂತಿಯ ಮನೆಗೆ ಹನ್ನೆರಡನೆಯ ದಿನದವರೆಗೆ ಹೊರಗಿನವರು ಕಾಲಿಡುವಂತಿಲ್ಲ. ಹನ್ನೆರಡಕ್ಕೆ ಉಡುಗೊರೆ ಹಿಡಿದು ಬಂದು, ಉಂಡು, ಮಗುವಿನ ಮೂಗು ಯಾರದೆಂದು ಜಗಳವಾಡಿ ಹೋಗಬೇಕು.

ಆ ಸೀಮೆಯಲ್ಲಿ ಒಬ್ಬ ಮುದುಕನಿದ್ದ. ಸುತ್ತಿನ ಏಳು ಗುಡ್ಡಕ್ಕೂ ತೋಟೆ ತುಂಬಿ ಕೊಡುತ್ತಿದ್ದವನು ಅವನೇ. ಸಂಜೆಯಾದರೆ ಜಗಲಿಯಲ್ಲಿ ಕೂತು ತೊಡೆಯ ಮೇಲೆ ಹಳೆಯ ಪಂಚೆ ಹರಡಿ, ಇಕ್ಕಳದಿಂದ ಒಂದೊಂದೇ ಕೇಪು ಒತ್ತುತ್ತಿದ್ದ. ಒತ್ತಿದ ಮೇಲೆ ಬುಡದ ಮೇಲೊಮ್ಮೆ ಹೆಬ್ಬೆರಳು ಆಡಿಸುತ್ತಿದ್ದ. ಕೇಪು ಕೂದಲೆಳೆಯಷ್ಟು ಒಳಗಿರಬೇಕು. ಮೇಲಿದ್ದರೆ ಕೆಟ್ಟಿತು, ಜಜ್ಜಿ ಕೂತರೂ ಕೆಟ್ಟಿತು. ಸರಿಯಿದ್ದರೆ, ಕೂತಿತು, ಎಂದು ತನ್ನಷ್ಟಕ್ಕೆ ಹೇಳಿಕೊಂಡು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಆ ಮನೆಯಲ್ಲಿ ಹುಟ್ಟಿದ ಮಕ್ಕಳು ಆ ಒಂದು ಮಾತನ್ನು ಕೇಳುತ್ತ ಕೇಳುತ್ತಲೇ ನಿದ್ದೆ ಹೋಗುತ್ತಿದ್ದರು.

ಎರಡು ಗುಡ್ಡದಾಚೆ ಅವನ ಗೆಳೆಯನಿದ್ದ. ಚಿಕ್ಕಂದಿನಿಂದ ಒಟ್ಟಿಗೆ ಜೇನು ಕಿತ್ತವರು, ಒಟ್ಟಿಗೆ ಪೆಟ್ಟು ತಿಂದವರು. ಇಬ್ಬರಲ್ಲಿ ಯಾರು ಮೊದಲು ಹೋದರೂ ಉಳಿದವನು ಬಂದು ಬಾಯಿಗೆ ನೀರು ಬಿಡಬೇಕು ಎಂದು ಮಾತಾಗಿತ್ತು. ನೀನೇ ಮೊದಲು ಹೋಗು, ನನಗೆ ಗುಡ್ಡ ಇಳಿಯುವುದು ಸುಲಭ, ಎಂದು ಗೆಳೆಯ. ಇಳಿಯುವವನಿಗೆ ಸುಲಭವೇ, ಹತ್ತಿ ವಾಪಸು ಹೋಗುವವರು ಯಾರು, ಎಂದು ಮುದುಕ. ವರ್ಷಗಟ್ಟಲೆ ಇದೇ ಮಾತು, ಇದೇ ನಗು.

ಮುದುಕನಿಗೆ ಒಬ್ಬ ಮಗ. ದುಡಿಯುವವನು, ಕೆಟ್ಟವನಲ್ಲ. ಪಟ್ಟಣಕ್ಕೆ ಹೋದವನು ಅಲ್ಲಿಂದ ಹಿಡಿಕೆಯ ಯಂತ್ರ ತಂದ. ಅಪ್ಪನ ಬೆರಳಿನ ಗಂಟುಗಳು ಊದಿಕೊಳ್ಳುತ್ತಿದ್ದುದನ್ನು ನೋಡಿಯೇ ತಂದದ್ದು. ಮೊದಲ ಸಂಜೆಯೇ ಅಪ್ಪ ವಾರದಲ್ಲಿ ಮಾಡುವಷ್ಟನ್ನು ಮುಗಿಸಿ ಪೆಟ್ಟಿಗೆ ತುಂಬಿದ. ಮುದುಕ ಯಂತ್ರವನ್ನು ಸುತ್ತ ಬಂದು ನೋಡಿದ, ಒಳ್ಳೆಯ ಉಕ್ಕು ಎಂದ. ಆಮೇಲೆ ಅಂದ, "ಇದು ಒತ್ತುತ್ತದೆ ಸರಿ, ಕೂತಿತೋ ಇಲ್ಲವೋ ಎಂದು ನಿನಗೆ ಹೇಳುವವರು ಯಾರು? ಒಂದು ಸಂಜೆ ನನ್ನ ಪಕ್ಕ ಕೂರು, ಬೆರಳಿಗೆ ತಿಳಿಯುತ್ತದೆ."

ನಾಳೆ ಕೂರುತ್ತೇನೆ ಎಂದ ಮಗ. ನಾಳೆ ಬೇಲಿ ಕಟ್ಟುವುದಿತ್ತು. ನಾಡಿದ್ದು ಸಂತೆಯಿತ್ತು. ಮುದುಕ ಮತ್ತೆ ಕರೆಯಲಿಲ್ಲ. ಬೆರಳು ಮಡಚುವುದೂ ಕಷ್ಟವಾದ ಮೇಲೆ ಇಕ್ಕಳವನ್ನು ಒರೆಸಿ ಗೋಡೆಯ ಮೊಳೆಗೆ ನೇತುಹಾಕಿದ.

ಎರಡು ವರ್ಷ ಕಳೆಯಿತು. ಸೊಸೆ ತುಂಬು ಬಸುರಿ. ಒಂದು ಬೆಳಿಗ್ಗೆ ಗಂಜಿ ತರುವಷ್ಟರಲ್ಲಿ ಮುದುಕ ಕಣ್ಣು ಮುಚ್ಚಿದ್ದ.

ಮಗ ಅಂಗಳಕ್ಕೆ ಬಂದ. ಕೋವಿ ಎತ್ತಿದ. ಮೊದಲ ಗುಂಡು ಹಾರಿತು, ಗುಡ್ಡಗಳು ಮಾರ್ನುಡಿದವು. ಎರಡನೆಯದಕ್ಕೆ ಸೂಜಿ ಟಕ್ ಎಂದಿತು, ಅಷ್ಟೆ. ಸಿಡಿಯದ ತೋಟೆ ತಡೆದು ಸಿಡಿಯಬಹುದು. ಆಗ ನಳಿಗೆಯನ್ನು ಆಕಾಶಕ್ಕೆ ಹಿಡಿದು ಕಾಯಬೇಕು ಎಂದು ಅಪ್ಪ ಕಲಿಸಿದ್ದ. ಮಗ ಕಾದ. ಅಳುತ್ತಲೇ ಕಾದ. ಒಂದು ವೀಳ್ಯ ಮಡಚಿ ಅಗಿಯುವಷ್ಟು ಹೊತ್ತು ಕಾದು, ಅದೇ ತೋಟೆಗೆ ಇನ್ನೊಮ್ಮೆ ಸೂಜಿ ಬಿಟ್ಟ. ಈಗ ಹಾರಿತು. ಆಗಿದ್ದಿಷ್ಟೆ: ಕೇಪು ಕೂದಲೆಳೆಯಷ್ಟು ಮೇಲೆ ನಿಂತಿತ್ತು. ಯಂತ್ರ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮೊದಲ ಪೆಟ್ಟು ಮುಗಿಸಿತು, ಎರಡನೆಯ ಪೆಟ್ಟು ಕಿಡಿ ಕೊಟ್ಟಿತು.

ಎರಡು ಎಂದರೆ ಎರಡು. ಮಗ ಕೋವಿ ಇಳಿಸಿ ಒಳಗೆ ಹೋದ.

ಹತ್ತಿರದ ಮನೆಗಳವರು ಅಳು ಕೇಳಿ ಬಂದರು. ಗೆಳೆಯ ಬರಲಿಲ್ಲ. ಮಗ ಹೆಣವನ್ನು ಎತ್ತಗೊಡಲಿಲ್ಲ. ನೀರು ತುಂಬಿದ ಚೊಂಬನ್ನು ತಲೆಯ ಬಳಿ ಇಟ್ಟು ದಾರಿ ನೋಡಿದ. ಮಧ್ಯಾಹ್ನವಾಯಿತು. ಬಿಸಿಲು ಇಳಿಯಿತು. ಇನ್ನು ಕಾಯುವುದು ಸತ್ತವನಿಗೂ ಕಷ್ಟ ಎಂದು ಹಿರಿಯರು ಗದರಿದರು. ಕೊನೆಗೆ ಮಗನೇ ನೀರು ಬಿಟ್ಟ. ಅಪ್ಪನನ್ನು ಸುಟ್ಟು ಬಂದವನ ಎದೆಯಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಅರವತ್ತು ವರ್ಷದ ಗೆಳೆತನ ಎರಡು ಗುಡ್ಡ ಇಳಿಯಲಾರದೆ ಹೋಯಿತಲ್ಲ ಎಂದು ಹನ್ನೆರಡು ದಿನ ಮನಸ್ಸಿನಲ್ಲೇ ಬೈದ.

ಹನ್ನೆರಡನೆಯ ದಿನ ತಿಥಿಯ ಅಡುಗೆಯಾಗಿತ್ತು. ಮಗ ಅಂಗಳದಲ್ಲಿ ನಿಂತಿದ್ದಾಗ ಇಳಿಜಾರಿನಲ್ಲಿ ಗೆಳೆಯ ಬರುವುದು ಕಂಡಿತು. ಒಗೆದ ಬಟ್ಟೆ, ತಲೆಗೆ ರುಮಾಲು, ಕೈಯಲ್ಲಿ ಬಾಳೆಗೊನೆ. ಸತ್ತ ದಿನ ಕಾಣದವನಿಗೆ ಇವತ್ತಿನ ಊಟ ನೆನಪಾಯಿತೇ ಎಂದು ಕೇಳುವುದಕ್ಕೆ ಮಗ ನಾಲಿಗೆ ಹರಿತ ಮಾಡಿಕೊಂಡ.

ಗೆಳೆಯ ಬೇಲಿಯ ದಣಪೆಯಲ್ಲೇ ನಿಂತು ನಗುತ್ತ ಕೂಗಿದ. "ಎಲ್ಲೋ ನಿಮ್ಮಪ್ಪ? ಒಂದು ಕೇಳಿದರೆ ದೇವರು ಎರಡು ಕೊಟ್ಟ ಅಂತ ಎದ್ದು ಬಂದು ಎದುರುಗೊಳ್ಳುವುದೂ ಭಾರವಾಯಿತೇನೋ ಮಹಾರಾಯನಿಗೆ?"

ಅವನ ಇನ್ನೊಂದು ಕೈಯಲ್ಲಿ ಬೆಳ್ಳಿಯ ಎರಡು ಪುಟ್ಟ ಉಡಿದಾರಗಳಿದ್ದವು.

ದನಿ ಕೇಳಿ ಸೊಸೆ ಬಾಗಿಲಿಗೆ ಬಂದಳು. ಅವಳಿಗೆ ಒಂಬತ್ತು ತಿಂಗಳು ತುಂಬುತ್ತಿತ್ತು. ಗೆಳೆಯ ಅವಳ ಹೊಟ್ಟೆ ನೋಡಿದ. ಮಗನ ಬೋಳಿಸಿದ ತಲೆ ನೋಡಿದ. ಒಳಗೆ ದೀಪ ನೋಡಿದ. ಬಾಳೆಗೊನೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ.

ಜಗಲಿಯ ತುದಿಗೆ ಕೂತು ಹೇಳಿದ. "ಒಂದು ಕೇಳಿತು. ಗಂಡು ಎಂದುಕೊಂಡೆ. ತಡೆದು ಇನ್ನೊಂದು ಕೇಳಿತು. ಅವಳಿ ಎಂದುಕೊಂಡೆ. ಹನ್ನೆರಡು ದಿನ, ಮಗಾ, ಒಬ್ಬನೇ ಕೂತು ನಗುತ್ತಿದ್ದೆ."

ಒಂದು ಉಡಿದಾರವನ್ನು ಸೊಸೆಯ ಕೈಯಲ್ಲಿಟ್ಟ. ಇನ್ನೊಂದನ್ನು ದೀಪದ ಮುಂದಿಟ್ಟ. ಊಟಕ್ಕೆ ನಿಲ್ಲಲಿಲ್ಲ. ಮಗ ಗುಡ್ಡದ ತುದಿಯವರೆಗೆ ಹಿಂದೆಯೇ ಹೋದ.

ಮರಳಿ ಬಂದವನು ತೋಟೆಯ ಪೆಟ್ಟಿಗೆಯನ್ನು ಜಗಲಿಗೆ ತಂದು ಒಂದೊಂದನ್ನೇ ತೆಗೆದು ಬುಡದ ಮೇಲೆ ಹೆಬ್ಬೆರಳು ಆಡಿಸಿದ. ಹೆಚ್ಚಿನವು ನುಣುಪಾಗಿದ್ದವು. ಅಲ್ಲೊಂದು ಇಲ್ಲೊಂದು ಚರ್ಮಕ್ಕೆ ತಾಗಿತು. ತಾಗಿದ್ದನ್ನು ತಿಳಿಯುವುದು ಕಷ್ಟವೇ ಆಗಿರಲಿಲ್ಲ. ಕೂಸಿಗೂ ತಿಳಿಯುತ್ತಿತ್ತು.

ಮೇಷ್ಟ್ರು ಕತೆ ನಿಲ್ಲಿಸಿದರು. ಗುರಿಹಲಗೆಗಳ ಆಚೆ ಯಾರೋ ಹುಲ್ಲು ಕೊಯ್ಯುತ್ತಿದ್ದರು. ದೇಚಮ್ಮನಿಗೆ ತನ್ನ ಊರಿನ ಗುಡ್ಡಗಳು ನೆನಪಾದವು. ಅಲ್ಲಿ ಈಗ ಸಾವಿನ ಸುದ್ದಿ ಫೋನಿನಲ್ಲಿ ಬರುತ್ತಿತ್ತು, ಓದಿದವರು ಕೈಮುಗಿದ ಚಿತ್ರ ಕಳಿಸಿ ಮುಂದಿನ ಕೆಲಸ ನೋಡುತ್ತಿದ್ದರು. ಅವಳೂ ಹಾಗೆ ಎಷ್ಟೋ ಸಲ ಕಳಿಸಿದ್ದಳು. ಹಾಳೆಗಳಲ್ಲಿ ಯಂತ್ರದ್ದನ್ನು ಮಡಚಿ ಜೇಬಿಗೆ ತುರುಕಿದಳು.

"ಹಾಗಾದರೆ ಇಕ್ಕಳವನ್ನೇ ತರಿಸುತ್ತೇನೆ, ಮೇಷ್ಟ್ರೇ."

"ತರಿಸು, ಮಗಳೇ, ಆ ಮಗನ ಮನೆಯಲ್ಲೂ ಇಕ್ಕಳಕ್ಕೇನೂ ಕೊರತೆ ಇರಲಿಲ್ಲ."