ಕೊಡೆ ಯಾರಿಗೆ

"ಗುರುಗಳೇ, ಇದು ಉಳಿಯುತ್ತದೆಯೇ?" ಎಂದು ಓಬಳೇಶ ಕೇಳಿದ.

ಕೊಡೆ ಮಡಚಿ ಸ್ಟುಡಿಯೋದ ಬಾಗಿಲಿಗೆ ಒರಗಿಸಿ ಬಂದಿದ್ದ. ಬೆನ್ನಿಗೆ ನೇತುಹಾಕಿಕೊಂಡಿದ್ದ ಚೀಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗಿದ್ದ ಕ್ಯಾಮೆರಾ ಹೊಸದು. ನಾಡಿದ್ದು ಅವನು ಫೋಟೋ ತೆಗೆಯಲು ಒಪ್ಪಿಕೊಂಡ ಮೊದಲ ಮದುವೆ. ಜೀವ ಇದೆಯೋ ಇಲ್ಲವೋ ನೋಡಿಬಿಡೋಣವೆಂದು ಅದನ್ನು ಹೊರತೆಗೆದು ಸ್ವಿಚ್ಚಿಗೆ ಬೆರಳಿಟ್ಟ. ಮುದುಕ ಜುಂಜಪ್ಪ ಆ ಕೈ ಹಿಡಿದ.

"ಒದ್ದೆಯಿರುವಾಗ ಕರೆಂಟು ಕೊಟ್ಟರೆ ಇರುವ ಜೀವವೂ ಹೋದೀತು. ತಡಿ ಮಗ. ಒಣಗಿದರೆ ಉಳಿಯಿತು. ಇಲ್ಲದಿದ್ದರೆ ನನ್ನದು ಒಯ್ಯುವೆಯಂತೆ."

ಬ್ಯಾಟರಿ ತೆಗೆದ, ಕಾರ್ಡು ತೆಗೆದ, ಲೆನ್ಸು ಬಿಚ್ಚಿದ. ಹಳೆಯ ಪಂಚೆಯಿಂದ, ಮಿಂದ ಮಗುವನ್ನು ಒರೆಸುವ ಹಾಗೆ ಒತ್ತಿ ಒತ್ತಿ ಒರೆಸಿ ಫ್ಯಾನಿನ ಗಾಳಿಗಿಟ್ಟ. ಆಮೇಲೆ ಶಿಷ್ಯನ ತಲೆಯ ಮೇಲೊಮ್ಮೆ ಕೈಯಾಡಿಸಿ ಕತೆ ಶುರುಮಾಡಿದ.

"ಹಿಂದೆ ಒಂದು ಮಳೆ ಬಂದಿತ್ತು. ಅದನ್ನು ಕಂಡವರಲ್ಲಿ ಈಗ ಉಳಿದವನು ನಾನೊಬ್ಬನೇ. ಒಂದೊಂದು ಹನಿ ಒಂದೊಂದು ಬಿಂದಿಗೆ. ಎಮ್ಮೆಗಳು ನಿಂತಲ್ಲೇ ಈಜುತ್ತಿದ್ದವು. ಆ ಮಳೆಯಲ್ಲಿ ಒಬ್ಬ ಫೋಟೋಗ್ರಾಫರ್ ಮದುವೆ ಮುಗಿಸಿಕೊಂಡು ನಡೆದು ಬರುತ್ತಿದ್ದ. ಇದ್ದದ್ದು ಒಂದೇ ಕೊಡೆ. ಅದನ್ನು ಕ್ಯಾಮೆರಾಕ್ಕೆ ಹಿಡಿದು ತಾನು ನೆನೆಯುತ್ತಿದ್ದ. ಮರದಡಿ ಕಂಬಳಿ ಹೊದ್ದು ನಿಂತಿದ್ದ ಕುರಿ ಕಾಯುವವನು, 'ಅಯ್ಯಾ, ಡಬ್ಬಿಗೆ ಕೊಡೆ ಹಿಡಿದಿದ್ದೀಯಲ್ಲ, ನಿನ್ನ ತಲೆ ನೆಟ್ಟಗಿದೆಯಾ?' ಅಂದ. 'ತಲೆ ಟವೆಲ್ಲಿನಲ್ಲಿ ಒರೆಸಿದರೆ ಒಣಗುತ್ತದೆ. ಇದರೊಳಗೆ ಒಂದು ಹುಡುಗಿಯ ಮದುವೆ ಇದೆ' ಅಂದ ಫೋಟೋಗ್ರಾಫರ್. ಊರು ಮುಟ್ಟಿದಾಗ ಕ್ಯಾಮೆರಾದ ಮೇಲೆ ಒಂದು ಹನಿಯಿಲ್ಲ. ಅವನೂ ಗಟ್ಟಿ ಆಳು, ಒಂದು ಸೀನೂ ಬರಲಿಲ್ಲ."

ಸ್ಟುಡಿಯೋದ ಹಿಂದೆಯೇ ಮನೆ. ಜುಂಜಪ್ಪನ ಹೆಂಡತಿ ದ್ಯಾಮಕ್ಕ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಸೀನು ಬರಲಿಲ್ಲವಾ? ಹಾಗಾದರೆ ಆ ಮಳೆಗಾಲವೆಲ್ಲ ನಾನು ಕಷಾಯ ಕಾಸಿ ಕುಡಿಸಿದ್ದು ಯಾರಿಗೆ, ಆ ಕುರಿ ಕಾಯುವವನಿಗಾ?"

ಓಬಳೇಶ ನಕ್ಕುಬಿಟ್ಟ. ಜುಂಜಪ್ಪ ಹೆಗಲು ಕುಣಿಸಿ ಕಾಫಿಗೆ ಕೈ ಚಾಚಿದ.

"ನೆಗಡಿ ಆದದ್ದು ನನಗೆ ತಾನೇ, ಕ್ಯಾಮೆರಾಕ್ಕೆ ಆಗಲಿಲ್ಲವಲ್ಲ."

ಓಬಳೇಶನ ನಗು ನಿಂತಿತು. ಅವನ ಕೈ ತಾನಾಗಿಯೇ ತಲೆಗೆ ಹೋಯಿತು. ಒಂದು ಕೂದಲೂ ನೆನೆದಿರಲಿಲ್ಲ.